‘ಅರ್ಧ ಡೇಟಾದಲ್ಲಿ ಅದೇ ಕ್ವಾಲಿಟಿ’: ವಿಡಿಯೊ ಕೋಡೆಕ್‌ಗಳ ಲೆಕ್ಕ ಓದುವುದು ಹೇಗೆ?

ಪ್ರಸಾರ ಭಾರತಿ ತನ್ನ ಡಿಡಿ ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಜಾಗ ಹರಾಜು ಹಾಕುವಾಗ ಎರಡು ಬಗೆಯ ಸ್ಲಾಟ್‌ಗಳನ್ನು ಇಡುತ್ತದೆ. ಒಂದು ಎಂಪೆಗ್-2, ಇನ್ನೊಂದು ಎಂಪೆಗ್-4. ಉಪಗ್ರಹ ಅದೇ, ಮಾಳಿಗೆ ಮೇಲಿನ ಡಿಶ್ ಅದೇ. ತಾಂತ್ರಿಕವಾಗಿ ನೋಡಿದರೆ ಎಂಪೆಗ್-4 ಹೊಸದು, ಅರ್ಧದಷ್ಟು ಜಾಗದಲ್ಲಿ ಅದೇ ಚಿತ್ರ ಕಳಿಸಬಲ್ಲದು. ಆದರೂ ಹರಾಜಿನಲ್ಲಿ ಕೋಟಿಗಟ್ಟಲೆ ಬಿಡ್ ಬೀಳುವುದು ಹಳೆಯ ಎಂಪೆಗ್-2 ಸ್ಲಾಟ್‌ಗೆ. ಎಂಪೆಗ್-4 ಸ್ಲಾಟ್‌ನ ಬೆಲೆ ಅದರ ಮುಂದೆ ಏನೂ ಅಲ್ಲ.

ಯಾಕೆ? 2004ರ ಡಿಸೆಂಬರ್‌ನಲ್ಲಿ ಶುರುವಾದ ಈ ಸೇವೆಯ ಹಳೆಯ ಪೆಟ್ಟಿಗೆಗಳು ಎಂಪೆಗ್-2 ಮಾತ್ರ ಓದಬಲ್ಲವು. ತಿಂಗಳ ಬಾಡಿಗೆ ಕಟ್ಟಲಾಗದೆ ಫ್ರೀ ಡಿಶ್ ಹಾಕಿಸಿಕೊಂಡ ಮನೆ, ಹೊಸ ಕೋಡೆಕ್ ಬಂತು ಅಂತ ಪೆಟ್ಟಿಗೆ ಬದಲಿಸುವುದಿಲ್ಲ. ಅಂಥ ಮನೆಗಳನ್ನು ತಲುಪಬೇಕೆಂದರೆ ಹಳೆಯ ಕೋಡೆಕ್‌ನಲ್ಲೇ ಹೋಗಬೇಕು. ನಾಲ್ಕು ಕೋಟಿಗೂ ಹೆಚ್ಚು ಮನೆಗಳಿರುವ ಈ ಜಾಲದಲ್ಲಿ ಯಾವ ನ್ಯೂಸ್ ಚಾನೆಲ್ ಯಾರ ಮನೆಗೆ ತಲುಪುತ್ತದೆ ಅನ್ನುವುದನ್ನು ಮೂವತ್ತು ವರ್ಷ ಹಳೆಯ ಒಂದು ತಾಂತ್ರಿಕ ಮಾನದಂಡ ತೀರ್ಮಾನಿಸುತ್ತಿದೆ.

‘ಯಾವ ಕೋಡೆಕ್ ಉತ್ತಮ’ ಎಂಬ ಪ್ರಶ್ನೆ ಎಂಜಿನಿಯರ್‌ಗಳದ್ದು ಮಾತ್ರ ಅಂದುಕೊಂಡವರಿಗೆ ಈ ಹರಾಜು ಸಾಕು. ಹೊಸ ಫೋನ್ ಬಂದಾಗ, ಹೊಸ ಓಟಿಟಿ ಆ್ಯಪ್ ಬಂದಾಗ ‘ಶೇ 50ರಷ್ಟು ಡೇಟಾ ಉಳಿತಾಯ’ ಅನ್ನುವ ಮಾತು ತಪ್ಪದೇ ಬರುತ್ತದೆ. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ಯಾವ ಪರೀಕ್ಷೆಯಲ್ಲಿ ಬಂತು, ಯಾರ ಪರದೆಗೆ ಅನ್ವಯಿಸುತ್ತದೆ, ಉಳಿದ ದುಡ್ಡು ಯಾರ ಜೇಬಿಗೆ ಹೋಗುತ್ತದೆ ಅನ್ನುವುದನ್ನು ಜಾಹೀರಾತು ಹೇಳುವುದಿಲ್ಲ.

ಹಿಂಡುವುದು ಅಂದ್ರೆ ಏನು?

ಫುಲ್ ಎಚ್‌ಡಿ ವಿಡಿಯೊದ ಒಂದು ಫ್ರೇಮ್‌ನಲ್ಲಿ 1920 × 1080, ಅಂದರೆ 20,73,600 ಪಿಕ್ಸೆಲ್. ಬಣ್ಣದ ಮಾಹಿತಿಯನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ಪಿಕ್ಸೆಲ್‌ಗೆ ಸರಾಸರಿ 12 ಬಿಟ್ ಹಿಡಿಯೋಣ, ಸೆಕೆಂಡಿಗೆ 30 ಫ್ರೇಮ್. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 746 ಮೆಗಾಬಿಟ್, ಗಂಟೆಗೆ 336 ಜಿಬಿ. ಇದೇ ವಿಡಿಯೊ ನಿಮ್ಮ ಫೋನಿಗೆ ಬರುವಾಗ ಸೆಕೆಂಡಿಗೆ 5 ಮೆಗಾಬಿಟ್ ಆಸುಪಾಸಿನಲ್ಲಿರುತ್ತದೆ. ನೂರೈವತ್ತು ಪಾಲಿನಲ್ಲಿ ಒಂದು ಪಾಲು ಮಾತ್ರ ಉಳಿದಿದೆ, ಆದರೂ ನಮಗೆ ಏನೂ ಕಳೆದಂತೆ ಕಾಣುವುದಿಲ್ಲ.

ಇದು ಸಾಧ್ಯವಾಗುವುದು ವಿಡಿಯೊದಲ್ಲಿ ಬಹುಪಾಲು ಪುನರಾವರ್ತನೆಯೇ ಇರುವುದರಿಂದ. ಸ್ಟುಡಿಯೊದಲ್ಲಿ ಕೂತ ನಿರೂಪಕನ ಹಿಂದಿನ ಗೋಡೆ ಸೆಕೆಂಡಿಗೆ ಮೂವತ್ತು ಸಲ ಬದಲಾಗುವುದಿಲ್ಲ. ಹಾಗಾಗಿ ಕೋಡೆಕ್ ಒಂದು ಫ್ರೇಮನ್ನು ಪೂರ್ತಿಯಾಗಿ ಕಳಿಸಿ, ಮುಂದಿನವುಗಳಿಗೆ ‘ಈ ಚೌಕ ಹಿಂದಿನ ಫ್ರೇಮಿನಲ್ಲಿ ಮೂರು ಪಿಕ್ಸೆಲ್ ಎಡಕ್ಕಿತ್ತು, ಅಲ್ಲಿಂದ ತಗೊ’ ಎಂದಷ್ಟೇ ಹೇಳುತ್ತದೆ. ಆ ಊಹೆಗೂ ನಿಜವಾದ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬೇರೆಯಾಗಿ ಕಳಿಸುತ್ತದೆ. ಆ ವ್ಯತ್ಯಾಸದಲ್ಲೂ ಕಣ್ಣಿಗೆ ಬೇಗ ಗೊತ್ತಾಗದ ಸೂಕ್ಷ್ಮ ವಿವರಗಳನ್ನು ಕತ್ತರಿಸಿ ಹಾಕುತ್ತದೆ. ಈ ಕತ್ತರಿಸುವ ಹಂತಕ್ಕೆ ಕ್ವಾಂಟೈಸೇಶನ್ ಅನ್ನುತ್ತಾರೆ. ನಿಜವಾದ ನಷ್ಟ ಆಗುವುದು ಅಲ್ಲೇ.

ಯಾವ ವಿವರ ಮುಖ್ಯ, ಯಾವುದು ಅಲ್ಲ ಅಂತ ಬೇರ್ಪಡಿಸಲು ಚಿತ್ರವನ್ನು ಬೇರೆ ರೂಪಕ್ಕೆ ತಿರುಗಿಸಬೇಕು. ಅದಕ್ಕೆ ಬಳಸುವ ಗಣಿತ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಇದನ್ನು ಕಂಡುಹಿಡಿದ ನಾಸಿರ್ ಅಹ್ಮದ್ ನಮ್ಮ ಬೆಂಗಳೂರಿನವರು. 1940ರಲ್ಲಿ ಇಲ್ಲೇ ಹುಟ್ಟಿ, 1961ರಲ್ಲಿ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ ಈ ಐಡಿಯಾ ಹಿಡಿದು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅನುದಾನ ಕೇಳಿದರೆ ಸಿಗಲಿಲ್ಲ. ಪರಿಶೀಲಿಸಿದ ಒಬ್ಬರಿಗೆ ಇಡೀ ವಿಚಾರವೇ ತೀರಾ ಸರಳ ಅನ್ನಿಸಿತ್ತು ಎಂದು ಅವರೇ ನಂತರ ಬರೆದುಕೊಂಡಿದ್ದಾರೆ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆಗೂಡಿ ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಜೆಪೆಗ್ ಫೋಟೊದಿಂದ ಹಿಡಿದು ಈ ಲೇಖನದಲ್ಲಿ ಬರುವ ಬಹುತೇಕ ಎಲ್ಲ ಕೋಡೆಕ್‌ಗಳೂ ಡಿಸಿಟಿ ಅಥವಾ ಅದರ ಮಕ್ಕಳು-ಮೊಮ್ಮಕ್ಕಳ ಮೇಲೆ ನಿಂತಿವೆ. ನಮ್ಮ ನಗರದ ಎಷ್ಟು ರಸ್ತೆಗಳಿಗೆ ಯಾರ್ಯಾರದೋ ಹೆಸರಿದೆ. ಇವರ ಹೆಸರು ಕೇಳಿದರೆ ತಲೆ ತುರಿಸಿಕೊಳ್ಳುವವರೇ ಜಾಸ್ತಿ.

ವಂಶಾವಳಿ, ಸ್ವಲ್ಪದರಲ್ಲಿ

1988ರಲ್ಲಿ ಬಂದ ಎಚ್.261 ಟೆಲಿಫೋನ್ ಲೈನಿನ ವಿಡಿಯೊ ಕಾಲ್‌ಗೆ ಮಾಡಿದ್ದು. ಚಿತ್ರವನ್ನು 16 × 16ರ ಚೌಕಗಳಾಗಿ ಒಡೆಯುವ, ಊಹಿಸುವ, ವ್ಯತ್ಯಾಸಕ್ಕೆ ಡಿಸಿಟಿ ಹಾಕುವ ಮೂಲ ಅಡುಗೆ ಅಲ್ಲೇ ಸಿದ್ಧವಾಯಿತು. ಮುಂದಿನವರೆಲ್ಲ ಮಸಾಲೆ ಬದಲಿಸಿದ್ದಾರೆ.

1993ರ ಎಂಪೆಗ್-1 ನಮಗೆ ಗೊತ್ತಾಗಿದ್ದು ವಿಸಿಡಿಯಾಗಿ. ಒಂದು ಡಿಸ್ಕ್‌ಗೆ 74 ನಿಮಿಷ, ಹಾಗಾಗಿ ಕನ್ನಡ ಸಿನಿಮಾಗಳು ಎರಡು-ಮೂರು ಡಿಸ್ಕ್‌ಗಳಲ್ಲಿ ಬರುತ್ತಿದ್ದವು. ಡಿವಿಡಿ, ಡಿಜಿಟಲ್ ಟಿವಿ ಎರಡನ್ನೂ ಹೊತ್ತು ನಿಂತಿದ್ದು 1990ರ ದಶಕದ ನಡುವಿನ ಎಂಪೆಗ್-2. ಅದೇ ಹೊತ್ತಿನ ಎಚ್.263 ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಡುತ್ತಿದ್ದ ಮಸುಕು ಮಸುಕು ತ್ರೀಜಿಪಿ ಹಾಡುಗಳ ಹಿಂದೆ ಇತ್ತು.

2003ರಲ್ಲಿ ಬಂದ ಎಚ್.264 ದೊಡ್ಡ ಜಿಗಿತ. ಎಂಪೆಗ್-2ರ ಅರ್ಧ ಬಿಟ್‌ರೇಟ್‌ನಲ್ಲಿ ಅದೇ ಗುಣಮಟ್ಟ. ಇದಕ್ಕೇ ಎಂಪೆಗ್-4 ಭಾಗ 10 ಅನ್ನುವ ಇನ್ನೊಂದು ಹೆಸರಿದೆ, ಡಿಟಿಎಚ್ ವ್ಯಾಪಾರದವರು ‘ಎಂಪೆಗ್-4’ ಅಂದಾಗ ಸಾಮಾನ್ಯವಾಗಿ ಇದನ್ನೇ ಹೇಳುತ್ತಿರುತ್ತಾರೆ. (1999ರ ಹಳೆಯ ಎಂಪೆಗ್-4 ಬೇರೆ, ಡಿವ್‌ಎಕ್ಸ್ ಕಾಲದವರಿಗೆ ಗೊತ್ತಿರುತ್ತದೆ.) ಇಪ್ಪತ್ತು ವರ್ಷ ದಾಟಿದರೂ ಇವತ್ತಿಗೂ ಜಗತ್ತಿನ ಎಲ್ಲಾ ಫೋನು, ಎಲ್ಲಾ ಬ್ರೌಸರ್, ಎಲ್ಲಾ ಸಿಸಿಟಿವಿ ಪೆಟ್ಟಿಗೆಗೆ ಅರ್ಥವಾಗುವ ಏಕೈಕ ಭಾಷೆ ಎಚ್.264.

ಅದರ ನಂತರ ದಾರಿ ಕವಲಾಯಿತು. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಗಳ ಕಡೆಯಿಂದ 2013ರಲ್ಲಿ ಎಚ್.265, ಅಂದರೆ ಎಚ್‌ಇವಿಸಿ. 2020ರ ಜುಲೈನಲ್ಲಿ ಎಚ್.266, ಅಂದರೆ ವಿವಿಸಿ. ಇನ್ನೊಂದು ಕಡೆ ಗೂಗಲ್‌ನ ವಿಪಿ9 2013ರಲ್ಲಿ, ಅದರ ಮುಂದುವರಿಕೆಯಾಗಿ ಹಲವು ಕಂಪನಿಗಳು ಸೇರಿ ಮಾಡಿದ ಎವಿ1 2018ರಲ್ಲಿ.

ಹೊಸ ಕೋಡೆಕ್‌ಗಳು ಮಾಡುವುದು ಮುಖ್ಯವಾಗಿ ಆಯ್ಕೆಗಳನ್ನು ಹೆಚ್ಚಿಸುವುದು. ಪಕ್ಕದ ಪಿಕ್ಸೆಲ್ ನೋಡಿ ಒಂದು ಚೌಕವನ್ನು ಊಹಿಸಲು ಎಚ್.264ರಲ್ಲಿ 9 ವಿಧಾನ ಇದ್ದರೆ, ಎಚ್‌ಇವಿಸಿಯಲ್ಲಿ 35, ವಿವಿಸಿಯಲ್ಲಿ 67. ಚೌಕದ ಗಾತ್ರ 16ರಿಂದ 64ಕ್ಕೆ, ಅಲ್ಲಿಂದ 128ಕ್ಕೆ ಏರಿದೆ. ಆಯ್ಕೆ ಹೆಚ್ಚಿದಷ್ಟೂ ಊಹೆ ನಿಖರವಾಗುತ್ತದೆ, ಕಳಿಸಬೇಕಾದ ವ್ಯತ್ಯಾಸ ಕಡಿಮೆಯಾಗುತ್ತದೆ. ಜೊತೆಗೇ, ಇಷ್ಟೂ ಆಯ್ಕೆಗಳನ್ನು ಪರೀಕ್ಷಿಸಿ ನೋಡುವ ಕಂಪ್ಯೂಟರ್‌ನ ಬೆವರೂ ಇಳಿಯುತ್ತದೆ. ವಿವಿಸಿಯ ಮಾದರಿ ಎನ್‌ಕೋಡರ್ ಎಚ್‌ಇವಿಸಿಯ ಮಾದರಿ ಎನ್‌ಕೋಡರ್‌ಗಿಂತ ಎಂಟು-ಹತ್ತು ಪಟ್ಟು ಹೆಚ್ಚು ಹೊತ್ತು ತಗೊಳ್ಳುತ್ತದೆ.

ಒಂದೇ ಪ್ರಬಂಧ, ಎರಡು ಉತ್ತರ

ಈಗ ಹೋಲಿಕೆಯ ವಿಚಾರಕ್ಕೆ ಬರೋಣ. ಮೊದಲು ತಿಳಿಯಬೇಕಾದ್ದು: ಮಾನದಂಡ ಅನ್ನುವುದು ಎನ್‌ಕೋಡರ್ ಅಲ್ಲ. ಎಚ್.264 ಆಗಲಿ ಎಚ್.265 ಆಗಲಿ, ಹಿಂಡಿದ ಕಡತವನ್ನು ಬಿಚ್ಚುವುದು ಹೇಗೆ ಎಂಬುದನ್ನು ಮಾತ್ರ ಬರೆದಿಡುತ್ತವೆ. ಹಿಂಡುವುದು ಹೇಗೆ ಅನ್ನುವುದು ಅವರವರ ಜಾಣತನ. ಕನ್ನಡದ ವ್ಯಾಕರಣ ಎಲ್ಲರಿಗೂ ಒಂದೇ, ಹಾಗಂತ ಎಲ್ಲರೂ ಚೆನ್ನಾಗಿ ಬರೆಯುತ್ತಾರೆಯೇ? ಹಾಗೆಯೇ, ವರ್ಷಗಟ್ಟಲೆ ಹದಗೊಂಡ ಎಕ್ಸ್264 ಎಂಬ ಉಚಿತ ಎನ್‌ಕೋಡರ್ ಕೊಡುವ ಎಚ್.264 ವಿಡಿಯೊ, ಯಾವುದೋ ಅಗ್ಗದ ಚಿಪ್ ಅವಸರದಲ್ಲಿ ಹಿಂಡಿದ ಎಚ್.265 ವಿಡಿಯೊಗಿಂತ ಚೆನ್ನಾಗಿ ಕಾಣುವುದು ಮಾಮೂಲು. ಎರಡು ಮಾನದಂಡ ಹೋಲಿಸಿದೆವು ಅನ್ನುವವರು ನಿಜವಾಗಿ ಎರಡು ಎನ್‌ಕೋಡರ್‌ಗಳನ್ನು, ಅದೂ ನಿರ್ದಿಷ್ಟ ಸೆಟ್ಟಿಂಗ್‌ಗಳಲ್ಲಿ ಹೋಲಿಸಿರುತ್ತಾರೆ.

ಎರಡನೆಯದು ಅಳತೆಗೋಲು. ಅತ್ಯಂತ ಹಳೆಯದು ಪಿಎಸ್‌ಎನ್‌ಆರ್. ಮೂಲ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಹಿಂಡಿದ ಚಿತ್ರದ ಪಿಕ್ಸೆಲ್‌ಗೂ ಇರುವ ವ್ಯತ್ಯಾಸವನ್ನು ವರ್ಗ ಮಾಡಿ, ಸರಾಸರಿ ತೆಗೆದು ಡೆಸಿಬೆಲ್‌ನಲ್ಲಿ ಹೇಳುವ ಲೆಕ್ಕ. ಕಂಪ್ಯೂಟರ್‌ಗೆ ಸಲೀಸು, ಆದರೆ ಕಣ್ಣು ಹಾಗೆ ನೋಡುವುದಿಲ್ಲ. ಮುಖದ ಮೇಲಿನ ಒಂದು ಕಲೆ ನಮಗೆ ತಕ್ಷಣ ಕಾಣುತ್ತದೆ, ಹಿಂದಿನ ಮರದ ಎಲೆಗಳು ಕಲಸಿಹೋದರೆ ಗೊತ್ತೇ ಆಗುವುದಿಲ್ಲ. ಪಿಎಸ್‌ಎನ್‌ಆರ್‌ಗೆ ಎರಡೂ ಒಂದೇ. ಇದಕ್ಕೆ ಪರಿಹಾರವಾಗಿ 2004ರಲ್ಲಿ ಚಿತ್ರದ ರಚನೆಯನ್ನು ನೋಡುವ ಎಸ್‌ಎಸ್‌ಐಎಂ ಬಂತು, 2016ರಲ್ಲಿ ನೆಟ್‌ಫ್ಲಿಕ್ಸ್ ಜನರ ಅಭಿಪ್ರಾಯದಿಂದ ತರಬೇತಿ ಪಡೆದ ವಿಎಂಎಎಫ್ ಅನ್ನು ಬಹಿರಂಗಗೊಳಿಸಿತು. ವಿಎಂಎಎಫ್‌ಗೂ ಒಂದು ದೌರ್ಬಲ್ಯ ಇತ್ತು: ಹಿಂಡುವ ಮುಂಚೆ ಚಿತ್ರದ ಕಾಂಟ್ರಾಸ್ಟ್, ಹರಿತ ಸ್ವಲ್ಪ ಏರಿಸಿದರೆ ಅಂಕ ಏರುತ್ತಿತ್ತು. ಮಾರ್ಕ್ಸ್‌ಗಾಗಿ ಓದುವವರು ಎಲ್ಲೆಲ್ಲೂ ಇದ್ದಾರೆ. ಹಾಗಾಗಿ 2020ರಲ್ಲಿ ಆ ಲಾಭವನ್ನು ಕಳೆದು ಲೆಕ್ಕ ಹಾಕುವ ಇನ್ನೊಂದು ಆವೃತ್ತಿ ತರಬೇಕಾಯಿತು.

ಇವೆಲ್ಲದರ ಆಚೆಗೆ ಇರುವುದು ಮನುಷ್ಯರನ್ನೇ ಕೂರಿಸಿ, ಬೆಳಕು, ದೂರ ಎಲ್ಲ ನಿಗದಿ ಮಾಡಿ, ಅಂಕ ಕೊಡಿಸುವ ಪರೀಕ್ಷೆ. ದುಬಾರಿ, ನಿಧಾನ, ಆದರೆ ಕೊನೆಯ ಮಾತು ಅದರದ್ದೇ.

ಅಳತೆಗೋಲು ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ? ಎಚ್‌ಇವಿಸಿ ತಯಾರಿಸಿದ ತಜ್ಞರೇ 2012ರಲ್ಲಿ ಪ್ರಕಟಿಸಿದ ಹೋಲಿಕೆ ನೋಡಿ. ಮನರಂಜನಾ ವಿಡಿಯೊಗಳಲ್ಲಿ ಪಿಎಸ್‌ಎನ್‌ಆರ್ ಪ್ರಕಾರ ಎಚ್.264ಗಿಂತ ಎಚ್‌ಇವಿಸಿ ಸರಾಸರಿ ಶೇ 35.4ರಷ್ಟು ಬಿಟ್ ಉಳಿಸಿತು. ಅದೇ ಪ್ರಬಂಧದಲ್ಲಿ ಜನರ ಕಣ್ಣಿಗೆ ತೋರಿಸಿ ಕೇಳಿದಾಗ ಉಳಿತಾಯ ಶೇ 49.3. ಕೋಡೆಕ್‌ಗಳು ಅವೇ, ಪರೀಕ್ಷಿಸಿದವರು ಅವರೇ. ‘ಮೂರನೇ ಒಂದು ಪಾಲು’ ಅಂದರೂ ಸರಿ, ‘ಅರ್ಧ’ ಅಂದರೂ ಸರಿ. ಮಾರುಕಟ್ಟೆಯವರು ಯಾವುದನ್ನು ಎತ್ತಿಕೊಂಡರು ಅಂತ ಹೇಳಬೇಕಾಗಿಲ್ಲ. ಅಂದಹಾಗೆ ಅದೇ ಪಿಎಸ್‌ಎನ್‌ಆರ್ ಲೆಕ್ಕದಲ್ಲಿ ಎಂಪೆಗ್-2ರ ಎದುರು ಎಚ್‌ಇವಿಸಿಯ ಉಳಿತಾಯ ಶೇ 70.8. ಫ್ರೀ ಡಿಶ್‌ನ ಹಳೆಯ ಪೆಟ್ಟಿಗೆ ಎಷ್ಟು ಜಾಗ ತಿನ್ನುತ್ತಿದೆ ಅನ್ನುವುದಕ್ಕೆ ಇದೊಂದು ಅಂದಾಜು.

ಮೂರನೆಯದು ರೆಸಲ್ಯೂಶನ್. ಈ ಅಂಶವನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. ಎಚ್‌ಇವಿಸಿ ಪೂರ್ಣಗೊಂಡ ಮೇಲೆ ಅಧಿಕೃತವಾಗಿ ನಡೆದ ಜನರ ಪರೀಕ್ಷೆಯಲ್ಲಿ ಎಚ್.264ರ ಎದುರು ಸರಾಸರಿ ಶೇ 59ರಷ್ಟು ಉಳಿತಾಯ ಕಂಡುಬಂತು. ಒಡೆದು ನೋಡಿದರೆ 4ಕೆಯಲ್ಲಿ ಶೇ 64, ಫುಲ್ ಎಚ್‌ಡಿಯಲ್ಲಿ 62, 720ರಲ್ಲಿ 56, 480ರಲ್ಲಿ 52. ಚೌಕಗಳು ದೊಡ್ಡದಾದಷ್ಟೂ ಲಾಭ ದೊಡ್ಡ ಚಿತ್ರಕ್ಕೇ ಹೆಚ್ಚು. ಚಿಕ್ಕ ಚಿತ್ರದಲ್ಲಿ 64ರ ಚೌಕಕ್ಕೆ ಹಿಡಿಸುವಷ್ಟು ಬಯಲು ಜಾಗವೇ ಇರುವುದಿಲ್ಲ. ಅಂದರೆ 4ಕೆ ಟಿವಿ ಇರುವವರಿಗೆ ಅತಿ ಹೆಚ್ಚು ಉಳಿತಾಯ, 480ರಲ್ಲಿ ನೋಡುವವರಿಗೆ ಅತಿ ಕಡಿಮೆ. ಡೇಟಾ ಉಳಿಸಬೇಕಾದ ಅಗತ್ಯ ಯಾರಿಗೆ ಹೆಚ್ಚಿದೆಯೋ ಅವರಿಗೇ ಕಡಿಮೆ ಪಾಲು.

ನಾಲ್ಕನೆಯದು ಏನನ್ನು ಹಿಂಡುತ್ತಿದ್ದೀರಿ ಅನ್ನುವುದು. ಕೂತು ಮಾತಾಡುವ ಸಂದರ್ಶನ ಯಾವ ಕೋಡೆಕ್‌ಗೂ ಸುಲಭ. ಮಳೆ, ಹೊಗೆ, ಹಾರುವ ಕಾಗದದ ಚೂರು, ಜನಜಂಗುಳಿ, ನೀರಿನ ಮೇಲಿನ ಹೊಳಪು ಎಲ್ಲವೂ ಕಷ್ಟ, ಯಾಕಂದ್ರೆ ಹಿಂದಿನ ಫ್ರೇಮಿನಿಂದ ಮುಂದಿನದನ್ನು ಊಹಿಸಲು ಆಗುವುದಿಲ್ಲ. ಯಕ್ಷಗಾನದಲ್ಲಿ ವೇಷಧಾರಿ ಧಿಗಿಣ ಹಾಕುವ ಹೊತ್ತಿನಲ್ಲಿ, ದಸರೆಯ ಹುಲಿವೇಷದ ಪಟ್ಟೆಗಳು ಕುಣಿಯುವಾಗ ಲೈವ್ ವಿಡಿಯೊ ಚೌಕ ಚೌಕವಾಗಿ ಒಡೆಯುವುದನ್ನು ನೀವು ನೋಡಿರುತ್ತೀರಿ. ನೆಟ್‌ವರ್ಕ್ ಸರಿ ಇದ್ದಾಗಲೂ ಹಾಗಾದರೆ, ನಿಗದಿ ಮಾಡಿದ ಬಿಟ್‌ರೇಟ್ ಆ ದೃಶ್ಯಕ್ಕೆ ಸಾಲದೇ ಹೋಗಿದೆ ಎಂದರ್ಥ. ಸುಲಭದ ದೃಶ್ಯಗಳನ್ನೇ ಆರಿಸಿ ಮಾಡಿದ ಹೋಲಿಕೆಗೆ ಏನೂ ಬೆಲೆ ಇಲ್ಲ.

ಹೋಲಿಕೆಗಳಲ್ಲಿ ‘ಬಿಡಿ-ರೇಟ್’ ಎಂಬ ಪದ ಕಂಡರೆ ಹೆದರಬೇಡಿ. ನಾರ್ವೆಯ ಗಿಸ್ಲೆ ಬ್ಯೋಂಟೆಗಾರ್ಡ್ 2001ರಲ್ಲಿ ಮುಂದಿಟ್ಟ ವಿಧಾನ ಅದು. ಎರಡೂ ಎನ್‌ಕೋಡರ್‌ಗಳನ್ನು ಹಲವು ಬಿಟ್‌ರೇಟ್‌ಗಳಲ್ಲಿ ಓಡಿಸಿ ಎರಡು ಗೆರೆ ಎಳೆದು, ಒಂದೇ ಗುಣಮಟ್ಟಕ್ಕೆ ಸರಾಸರಿ ಎಷ್ಟು ಬಿಟ್ ವ್ಯತ್ಯಾಸ ಅಂತ ಶೇಕಡಾದಲ್ಲಿ ಹೇಳುವುದು. ಮೈನಸ್ 30 ಅಂದರೆ ಶೇ 30 ಉಳಿತಾಯ. ಸರಾಸರಿ ಅನ್ನುವ ಪದವನ್ನು ಮಾತ್ರ ಮರೆಯಬೇಡಿ.

ಹಿಂಡುವ ಕೂಲಿ ಯಾರು ಕೊಡುತ್ತಾರೆ?

2018ರಲ್ಲಿ ಫೇಸ್‌ಬುಕ್‌ನ ಎಂಜಿನಿಯರ್‌ಗಳು ಆಗಷ್ಟೇ ಬಂದಿದ್ದ ಎವಿ1 ಪರೀಕ್ಷಿಸಿದರು. ಎಚ್.264 ಹೈ ಪ್ರೊಫೈಲ್‌ಗಿಂತ ಶೇ 46.2, ವಿಪಿ9ಗಿಂತ ಶೇ 34 ಉಳಿತಾಯ. ಅದ್ಭುತ. ಆದರೆ ಎಚ್.264ಗೆ ಹೋಲಿಸಿದರೆ ಹಿಂಡಲು ಹಿಡಿದ ಸಮಯ ಸಾವಿರಾರು ಪಟ್ಟು. ಮುಂದೆ ಇಂಟೆಲ್, ನೆಟ್‌ಫ್ಲಿಕ್ಸ್ ಸೇರಿ ಬೆಳೆಸಿದ ಎಸ್‌ವಿಟಿ-ಎವಿ1 ಮುಂತಾದ ಎನ್‌ಕೋಡರ್‌ಗಳು ಈ ಅಂತರವನ್ನು ತುಂಬಾ ಇಳಿಸಿದವು. ಆದರೂ ವೇಗ ಬೇಕಾದರೆ ಉಳಿತಾಯ ಬಿಡಬೇಕು, ಉಳಿತಾಯ ಬೇಕಾದರೆ ಕಾಯಬೇಕು ಎಂಬ ನಿಯಮ ಬದಲಾಗಿಲ್ಲ. ಹಾಗಾಗಿ ಸಮಯದ ಲೆಕ್ಕವಿಲ್ಲದ ಹೋಲಿಕೆ ಅರ್ಧ ಹೋಲಿಕೆ.

ನೆಟ್‌ಫ್ಲಿಕ್ಸ್‌ಗೆ ಇದು ತಲೆನೋವಲ್ಲ. ಒಂದು ಸಿನಿಮಾ ಒಮ್ಮೆ ಹಿಂಡಿದರೆ ಲಕ್ಷಾಂತರ ಸಲ ಕಳಿಸುತ್ತದೆ, ಕೂಲಿ ವಸೂಲಾಗುತ್ತದೆ. ಯೂಟ್ಯೂಬ್‌ನ ಕಥೆ ಬೇರೆ. ಅಲ್ಲಿ ನಿಮಿಷಕ್ಕೆ 500 ಗಂಟೆಗೂ ಹೆಚ್ಚು ವಿಡಿಯೊ ಬಂದು ಬೀಳುತ್ತದೆ, ಬಹುಪಾಲನ್ನು ನೋಡುವವರು ಬೆರಳೆಣಿಕೆ. ಹಾಗಾಗಿ ದುಬಾರಿ ವಿಪಿ9 ಎನ್‌ಕೋಡಿಂಗ್ ಬಹುಕಾಲ ಜನಪ್ರಿಯ ವಿಡಿಯೊಗಳಿಗೆ ಮಾತ್ರ ಸಿಗುತ್ತಿತ್ತು, ಉಳಿದವು ಎಚ್.264ರಲ್ಲೇ ಇರುತ್ತಿದ್ದವು. ಗೂಗಲ್ ಇದಕ್ಕಾಗಿಯೇ ಸ್ವಂತ ಚಿಪ್ ಮಾಡಿಸಿ 2021ರಲ್ಲಿ ಬಹಿರಂಗಪಡಿಸಿದ ಮೇಲೆ ಹೆಚ್ಚು ವಿಡಿಯೊಗಳಿಗೆ ಹೊಸ ಕೋಡೆಕ್ ದಕ್ಕಿತು. ಇದರ ರಾಜಕೀಯ ಅರ್ಥ ನೋಡಿ: ದೊಡ್ಡ ಚಾನೆಲ್‌ನ ಅರಚಾಟ ನಿಮ್ಮ ಡೇಟಾವನ್ನು ಕಡಿಮೆ ತಿನ್ನುತ್ತಿತ್ತು, ತಾಲೂಕು ಮಟ್ಟದ ಹೋರಾಟದ ವಿಡಿಯೊ ಹಾಕುವ ಚಿಕ್ಕ ಚಾನೆಲ್ ಅದೇ ಗುಣಮಟ್ಟಕ್ಕೆ ಹೆಚ್ಚು ತಿನ್ನುತ್ತಿತ್ತು. ಯಾರೂ ಬೇಕಂತ ಮಾಡಿದ ತಾರತಮ್ಯವಲ್ಲ, ಲೆಕ್ಕಾಚಾರದಿಂದ ತಾನೇ ಹುಟ್ಟಿದ್ದು.

ನೋಡುವವರ ಕಡೆಯೂ ಕೂಲಿ ಇದೆ. ಫೋನಿನ ಚಿಪ್‌ನಲ್ಲೇ ಆ ಕೋಡೆಕ್ ಬಿಚ್ಚುವ ಭಾಗ ಇದ್ದರೆ ಬ್ಯಾಟರಿ ಉಳಿಯುತ್ತದೆ, ಇಲ್ಲದಿದ್ದರೆ ಸಾಫ್ಟ್‌ವೇರ್ ಬಿಚ್ಚಬೇಕು, ಫೋನ್ ಬಿಸಿಯಾಗುತ್ತದೆ. ಐಫೋನ್‌ಗೇ ಎವಿ1 ಹಾರ್ಡ್‌ವೇರ್ ಬಂದಿದ್ದು 2023ರ 15 ಪ್ರೊನಲ್ಲಿ. ಅಗ್ಗದ ಆ್ಯಂಡ್ರಾಯ್ಡ್ ಫೋನ್‌ಗಳಿಗೆ ಸದ್ಯಕ್ಕೆ ಆಸರೆ ಡೇವಿಡ್ ಎಂಬ ಉಚಿತ ಡಿಕೋಡರ್. ವಿಎಲ್‌ಸಿ ಪ್ಲೇಯರ್ ಮಾಡಿದ ಬಳಗದವರು 2018ರಲ್ಲಿ ಹೊರತಂದಿದ್ದು. 2020ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್ ಆ್ಯಂಡ್ರಾಯ್ಡ್‌ನಲ್ಲಿ ಎವಿ1 ಶುರು ಮಾಡಿದ್ದೂ ಅದನ್ನೇ ನಂಬಿ.

ಈಗ ಜೇಬಿನ ಲೆಕ್ಕ. ದಿನಕ್ಕೆ 1.5 ಜಿಬಿ ಪ್ಯಾಕ್ ಇದೆ ಅಂದುಕೊಳ್ಳಿ. ಸೆಕೆಂಡಿಗೆ 5 ಮೆಗಾಬಿಟ್‌ನ ಎಚ್.264 ವಿಡಿಯೊ ನೋಡಿದರೆ 40 ನಿಮಿಷಕ್ಕೆ ಪ್ಯಾಕ್ ಖಾಲಿ. ಶೇ 30 ಉಳಿಸುವ ಕೋಡೆಕ್ ಆದರೆ 57 ನಿಮಿಷ. ಶೇ 50 ಆದರೆ 80 ನಿಮಿಷ. ಅಂದರೆ 30ಕ್ಕೂ 50ಕ್ಕೂ ನಡುವಿನ ಅಂತರ 23 ನಿಮಿಷ, ಪಿಎಸ್‌ಎನ್‌ಆರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿರುವುದು ಅದಕ್ಕೇ. ಕಂಪನಿ ಈ ಉಳಿತಾಯವನ್ನು ನಿಮಗೇ ಬಿಟ್ಟುಕೊಡಬೇಕೆಂದೂ ಇಲ್ಲ. ಅದೇ ಬಿಟ್‌ರೇಟ್ ಇಟ್ಟು ಚಿತ್ರ ಸುಧಾರಿಸಬಹುದು, ಇಲ್ಲವೇ ಬಿಟ್‌ರೇಟ್ ಇಳಿಸಿ ತನ್ನ ಸರ್ವರ್ ಖರ್ಚು ಉಳಿಸಿಕೊಳ್ಳಬಹುದು.

ನೆಟ್‌ವರ್ಕ್ ನಿಜಕ್ಕೂ ಬಿಗಿಯಾದಾಗ ಏನಾಯಿತು ಅನ್ನುವುದನ್ನೂ ನೆನಪಿಸಿಕೊಳ್ಳಿ. 2020ರ ಮಾರ್ಚ್ 24ರಂದು, ಲಾಕ್‌ಡೌನ್ ಘೋಷಣೆಯಾದ ದಿನ, ದೇಶದ ದೊಡ್ಡ ಸ್ಟ್ರೀಮಿಂಗ್ ಕಂಪನಿಗಳು ಸಭೆ ಸೇರಿ ಮೊಬೈಲ್ ನೆಟ್‌ವರ್ಕ್‌ನಲ್ಲಿ ಎಚ್‌ಡಿ ನಿಲ್ಲಿಸಿ, ಏಪ್ರಿಲ್ 14ರವರೆಗೆ 480ಕ್ಕಿಂತ ಮೇಲೆ ಹೋಗುವುದಿಲ್ಲ ಎಂದು ತೀರ್ಮಾನಿಸಿದವು. ಹೊಸ ಕೋಡೆಕ್‌ಗೆ ಬದಲಾಗುವುದು ಒಂದು ರಾತ್ರಿಯಲ್ಲಿ ಆಗುವ ಕೆಲಸವಲ್ಲ. ಕೈಯಲ್ಲಿರುವ ಫೋನ್‌ಗಳು ಬದಲಾಗಬೇಕಲ್ಲ!

‘ಉಚಿತ’ ಮತ್ತು ‘ಮುಕ್ತ’

ಒಳ್ಳೆಯ ಕೋಡೆಕ್ ಇದ್ದೂ ಬಳಕೆಗೆ ಬಾರದಿರುವುದಕ್ಕೆ ಇನ್ನೊಂದು ಕಾರಣ ಪೇಟೆಂಟ್. ಎಚ್.264ಗೆ ಎಂಪೆಗ್ ಎಲ್‌ಎ ಎಂಬ ಕೂಟ ಸಾಧನಕ್ಕೆ ಇಷ್ಟು ಅಂತ ಶುಲ್ಕ ಇಟ್ಟಿತ್ತು: ಮೊದಲ ಒಂದು ಲಕ್ಷ ಸಾಧನಗಳಿಗೆ ಏನಿಲ್ಲ, ನಂತರ 20 ಸೆಂಟ್, 50 ಲಕ್ಷ ದಾಟಿದರೆ 10 ಸೆಂಟ್. ಉಚಿತವಾಗಿ ನೋಡಸಿಗುವ ಇಂಟರ್ನೆಟ್ ವಿಡಿಯೊಗೆ ಶುಲ್ಕವೇ ಇಲ್ಲ ಎಂದು 2010ರಲ್ಲಿ ಘೋಷಿಸಿತು. ಒಂದು ಬಾಗಿಲು, ಒಂದು ದರ. ಎಚ್.264 ಎಲ್ಲೆಡೆ ಹರಡಿದ್ದಕ್ಕೆ ಇದೂ ಒಂದು ಕಾರಣ.

ಎಚ್‌ಇವಿಸಿಗೆ ಬರುವಷ್ಟರಲ್ಲಿ ಬಾಗಿಲುಗಳು ಮೂರಾದವು: ಎಂಪೆಗ್ ಎಲ್‌ಎ, 2015ರಲ್ಲಿ ಎಚ್‌ಇವಿಸಿ ಅಡ್ವಾನ್ಸ್, 2017ರಲ್ಲಿ ವೆಲೊಸ್ ಮೀಡಿಯಾ. ಯಾವ ಕೂಟಕ್ಕೂ ಸೇರದ ಪೇಟೆಂಟ್‌ದಾರರು ಬೇರೆ. ಎಚ್‌ಇವಿಸಿ ಅಡ್ವಾನ್ಸ್ ಮೊದಲಿಗೆ ಸ್ಟ್ರೀಮಿಂಗ್ ಕಂಪನಿಗಳ ಆದಾಯದಲ್ಲೇ ಶೇ 0.5 ಕೇಳಿತು, ಗಲಾಟೆಯಾದ ಮೇಲೆ ಅದೇ ವರ್ಷ ದರ ಬದಲಿಸಿತು. ಅಷ್ಟರಲ್ಲಿ ಮನಸ್ಸು ಮುರಿದಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್, ಸಿಸ್ಕೊ, ಗೂಗಲ್, ಇಂಟೆಲ್, ಮೈಕ್ರೊಸಾಫ್ಟ್, ಮೊಜಿಲ್ಲಾ, ನೆಟ್‌ಫ್ಲಿಕ್ಸ್ ಸೇರಿ ಅಲಯನ್ಸ್ ಫಾರ್ ಓಪನ್ ಮೀಡಿಯಾ ಕಟ್ಟಿದವು. ಎಂಪೆಗ್ ಕೂಟವನ್ನು ಕಟ್ಟಿ ಬೆಳೆಸಿದ ಲಿಯೊನಾರ್ಡೊ ಕಿಯಾರಿಲ್ಯೋನೆಯವರೇ 2018ರ ಜನವರಿಯಲ್ಲಿ, ಹಳೆಯ ವ್ಯವಹಾರ ಮಾದರಿ ಮುರಿದುಬಿದ್ದಿದೆ ಎಂದು ಬರೆದರು.

ಹಾಗಾದರೆ ಎವಿ1 ಜನರ ಕೋಡೆಕ್ಕಾ? ಅಷ್ಟು ಸಲೀಸಾಗಿ ಹೌದು ಅನ್ನಲಾಗದು. ಶುಲ್ಕವಿಲ್ಲ, ಆಕರ ಸಂಕೇತ ಎಲ್ಲರಿಗೂ ತೆರೆದಿದೆ. ಚಿಕ್ಕ ಸಂಸ್ಥೆಗೆ, ಸರ್ಕಾರಿ ಯೋಜನೆಗೆ, ಸಮುದಾಯ ಮಾಧ್ಯಮಕ್ಕೆ ಇದು ನಿಜವಾದ ಲಾಭ. ಆದರೆ ದಿಕ್ಕು ನಿರ್ಧರಿಸುವವರು ಜಗತ್ತಿನ ಅತಿ ದೊಡ್ಡ ವಿಡಿಯೊ ಸಾಗಣೆದಾರರೇ. ತಮ್ಮ ಖರ್ಚು ಉಳಿಸಿಕೊಳ್ಳಲು ಅವರು ಕಟ್ಟಿದ ರಸ್ತೆಯಲ್ಲಿ ನಾವೂ ಓಡಾಡುತ್ತಿದ್ದೇವೆ. ಈ ಒಕ್ಕೂಟದ ಪೇಟೆಂಟ್ ನಿಯಮ ಸ್ಪರ್ಧೆಗೆ ಅಡ್ಡಿಯೇ ಎಂದು ಯುರೋಪಿಯನ್ ಕಮಿಷನ್ 2022ರಲ್ಲಿ ಪ್ರಾಥಮಿಕ ವಿಚಾರಣೆ ಕೈಗೆತ್ತಿಕೊಂಡು 2023ರಲ್ಲಿ ಕೈಬಿಟ್ಟಿತು. ಇತ್ತ ಸಿಸ್ವೆಲ್ ಎಂಬ ಕಂಪನಿ ವಿಪಿ9, ಎವಿ1 ಎರಡಕ್ಕೂ ಪೇಟೆಂಟ್ ಶುಲ್ಕ ಕೇಳುವ ಕೂಟವನ್ನು 2020ರಲ್ಲಿ ತೆರೆದು ಕೂತಿದೆ. ‘ಉಚಿತ’ ಎಂಬುದೂ ಕೋರ್ಟ್‌ನಲ್ಲಿ ಗೆಲ್ಲಬೇಕಾದ ಮಾತು.

ಇದು ದೂರದ ದೇಶದ ಜಗಳ ಅನ್ನಿಸಿದರೆ ದೆಹಲಿ ಹೈಕೋರ್ಟ್‌ನ 2018ರ ಜುಲೈ ತೀರ್ಪು ನೋಡಬಹುದು. ಅಗ್ಗದ ಡಿವಿಡಿ ಪ್ಲೇಯರ್‌ಗಳ ವ್ಯಾಪಾರದಲ್ಲಿದ್ದ ಸಣ್ಣ ಉದ್ದಿಮೆದಾರರ ವಿರುದ್ಧ ಫಿಲಿಪ್ಸ್ ಹೂಡಿದ್ದ ದಾವೆ ಅದು. ಮಾನದಂಡಕ್ಕೆ ಅಗತ್ಯವಾದ ಪೇಟೆಂಟ್ ವಿಚಾರದಲ್ಲಿ ಪೂರ್ಣ ವಿಚಾರಣೆ ನಡೆದು ಭಾರತದಲ್ಲಿ ಬಂದ ಮೊದಲ ತೀರ್ಪು. ಪ್ಲೇಯರ್‌ಗೆ 2010ರ ಮೇವರೆಗೆ 3.175 ಡಾಲರ್, ನಂತರ 1.90 ಡಾಲರ್ ರಾಯಲ್ಟಿ ಎಂದು ಕೋರ್ಟ್ ನಿಗದಿ ಮಾಡಿತು. ಅದು ವಿಡಿಯೊ ಹಿಂಡುವ ಪೇಟೆಂಟ್ ಅಲ್ಲ, ಡಿಸ್ಕ್ ಮೇಲಿನ ಸಂಕೇತ ಬಿಡಿಸುವ ಪೇಟೆಂಟ್. ತರ್ಕ ಮಾತ್ರ ಅದೇ: ಮಾನದಂಡ ಬಳಸಿದಿರಿ ಅಂದರೆ ಪೇಟೆಂಟ್ ಬಳಸಿದಿರಿ.

ಹಿಂಡಿದ ಸಾಕ್ಷ್ಯ

ಪ್ರತಿಭಟನೆಯ, ಲಾಠಿಚಾರ್ಜ್‌ನ ವಿಡಿಯೊ ಹಂಚುವವರು ಇದನ್ನು ಗಮನಿಸಬೇಕು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ವಿಡಿಯೊ ಕಳಿಸಿದರೆ ಅದು ಮತ್ತೊಮ್ಮೆ ಹಿಂಡಲ್ಪಡುತ್ತದೆ. ಅದನ್ನು ಇಳಿಸಿಕೊಂಡು ಎಡಿಟ್ ಮಾಡಿ ಇನ್ನೊಂದು ಆ್ಯಪ್‌ಗೆ ಹಾಕಿದರೆ ಇನ್ನೊಮ್ಮೆ. ಪ್ರತಿ ಸಲವೂ ಕ್ವಾಂಟೈಸೇಶನ್ ಒಂದಷ್ಟನ್ನು ಕತ್ತರಿಸುತ್ತದೆ, ಮೊದಲು ಹೋಗುವುದು ಸೂಕ್ಷ್ಮ ವಿವರ: ಸಮವಸ್ತ್ರದ ಮೇಲಿನ ಹೆಸರು, ಗಾಡಿಯ ನಂಬರ್, ದೂರದ ಮುಖ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರದಲ್ಲಿ ಕಡತದ ಹ್ಯಾಶ್ ಮೌಲ್ಯ ನಮೂದಿಸಬೇಕು. ಒಂದೇ ಒಂದು ಸಲ ಮರುಹಿಂಡಿದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಆದ್ದರಿಂದ ಮೂಲ ಕಡತವನ್ನು ಫೋನಿನಿಂದ ಅಳಿಸಬೇಡಿ, ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಹಾಗೆ ಹೋದದ್ದು ಹಿಂಡಲ್ಪಡುವುದಿಲ್ಲ.

ನಕಲಿ ವಿಡಿಯೊ ಪತ್ತೆಗೂ ಇದೇ ತೊಡಕು. 2019ರ ಫೇಸ್‌ಫೊರೆನ್ಸಿಕ್ಸ್++ ಅಧ್ಯಯನ ತಿರುಚಿದ ಮುಖಗಳ ವಿಡಿಯೊಗಳನ್ನು ಎಚ್.264ರಲ್ಲಿ ಎರಡು ಮಟ್ಟಕ್ಕೆ ಹಿಂಡಿ ಪರೀಕ್ಷಿಸಿತ್ತು. ಬಿಗಿಯಾಗಿ ಹಿಂಡಿದ ವಿಡಿಯೊದಲ್ಲಿ ಮನುಷ್ಯರೂ ಎಡವಿದರು, ಯಂತ್ರಗಳೂ ಎಡವಿದವು. ಫಾರ್ವರ್ಡ್ ಆಗಿ ಆಗಿ ಮಸುಕಾದ ವಿಡಿಯೊ ಸುಳ್ಳಿಗೆ ಒಳ್ಳೆಯ ಹೊದಿಕೆ.

ಮುಂದಿನ ಸಲ ‘ಶೇ 50’ ಕೇಳಿದಾಗ

ಯಾವ ಎನ್‌ಕೋಡರ್‌ನ ಎದುರು, ಯಾವ ವೇಗದಲ್ಲಿ, ಯಾವ ಅಳತೆಗೋಲಿನಲ್ಲಿ, ಯಾವ ರೆಸಲ್ಯೂಶನ್‌ನಲ್ಲಿ ಅಂತ ಕೇಳಿ. ನಾಲ್ಕರಲ್ಲಿ ಎರಡಕ್ಕೂ ಉತ್ತರ ಇಲ್ಲದಿದ್ದರೆ ಅದನ್ನು ಜಾಹೀರಾತು ಅಂತ ಓದಿಕೊಳ್ಳಿ.

ನಿಮಗೆ ಸದ್ಯ ಏನು ಸಿಗುತ್ತಿದೆ ಅಂತ ನೋಡುವುದು ಕಷ್ಟವಿಲ್ಲ. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಒತ್ತಿ. ಕೋಡೆಕ್ ಅನ್ನುವ ಸಾಲಿನಲ್ಲಿ ‘ಎವಿಸಿ1’ ಅಂತ ಶುರುವಾದರೆ ಅದು 2003ರ ಎಚ್.264. ‘ವಿಪಿ09’ ಅಂದರೆ ವಿಪಿ9, ‘ಎವಿ01’ ಅಂದರೆ ಎವಿ1. ಒಂದು ದೊಡ್ಡ ನ್ಯೂಸ್ ಚಾನೆಲ್‌ನ ವಿಡಿಯೊ, ನಿಮ್ಮೂರಿನ ಯಾರೋ ಹಾಕಿದ ಇನ್ನೂರು ವ್ಯೂಸ್‌ನ ವಿಡಿಯೊ, ಎರಡನ್ನೂ ಒಂದೇ ರೆಸಲ್ಯೂಶನ್‌ನಲ್ಲಿಟ್ಟು ಆ ಸಾಲನ್ನು ಹೋಲಿಸಿ ನೋಡಿ.